ಕುಡಿದು ವಾಹನ ಚಲಾಯಿಸಿದರೆ 10 ಸಾವಿರ ರೂ. ದಂಡ, ಜೈಲು: ಕಠಿಣ ಕಾನೂನಿದ್ದರೂ ಕೇಸ್ ಬಿದ್ದುಹೋಗುವುದೆಲ್ಲಿ?

ಪುಣೆಯ ಕಲ್ಯಾಣಿ ನಗರದಲ್ಲಿ 2024ರ ಮೇ 19ರಂದು ನಸುಕಿನ 2.30ರ ಸುಮಾರಿಗೆ ಪೋರ್ಷೆ ಕಾರೊಂದು ಬೈಕ್‌ಗೆ ಡಿಕ್ಕಿ ಹೊಡೆದು ಇಬ್ಬರು ಯುವ ಐಟಿ ಉದ್ಯೋಗಿಗಳು ಮೃತಪಟ್ಟರು. ಕಾರು ಓಡಿಸಿದ ಆರೋಪ ಹೊತ್ತ ಹುಡುಗನಿಗೆ ಇನ್ನೂ 18 ತುಂಬಿರಲಿಲ್ಲ. ಅದೇ ದಿನ ಆತನಿಗೆ ಸಿಕ್ಕ ಜಾಮೀನು ಮತ್ತು 300 ಪದಗಳ ಪ್ರಬಂಧ ಬರೆಯಬೇಕೆಂಬ ಷರತ್ತು ದೇಶದಾದ್ಯಂತ ಆಕ್ರೋಶಕ್ಕೆ ಕಾರಣವಾಯಿತು. ಪ್ರಬಂಧದ ಗದ್ದಲದಲ್ಲಿ ಇನ್ನೊಂದು ಸಂಗತಿಗೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲ. ರಕ್ತದ ಮಾದರಿ ಪಡೆದದ್ದು ಬೆಳಿಗ್ಗೆ 11ರ ಸುಮಾರಿಗೆ, ಅಂದರೆ ಅಪಘಾತವಾಗಿ ಎಂಟು ಗಂಟೆ ಕಳೆದ ಮೇಲೆ. ಆ ಮಾದರಿಯನ್ನೂ ಬದಲಿಸಿ ಬೇರೊಬ್ಬರ ರಕ್ತ ಇಟ್ಟ ಆರೋಪದಲ್ಲಿ ಆಸ್ಪತ್ರೆಯ ವೈದ್ಯರನ್ನೇ ಪೊಲೀಸರು ಬಂಧಿಸಬೇಕಾಯಿತು.

ಎರಡು ತಿಂಗಳೂ ಕಳೆದಿರಲಿಲ್ಲ. ಜುಲೈ 7ರ ಮುಂಜಾನೆ ಮುಂಬೈನ ವರ್ಲಿಯಲ್ಲಿ ಬಿಎಂಡಬ್ಲ್ಯು ಕಾರು ಸ್ಕೂಟರ್‌ಗೆ ಗುದ್ದಿ, ಗಂಡನ ಜೊತೆ ಹೊರಟಿದ್ದ ಮಹಿಳೆ ಸಾವಿಗೀಡಾದರು. ಆರೋಪಿ ಸ್ಥಳದಿಂದ ಪರಾರಿಯಾದ. ಪೊಲೀಸರ ಕೈಗೆ ಸಿಕ್ಕಿದ್ದು ಜುಲೈ 9ರಂದು. ಚಾಲಕ ಕುಡಿದಿದ್ದನೋ ಇಲ್ಲವೋ ಎಂದು ರಕ್ತಪರೀಕ್ಷೆಯಿಂದ ಹೇಳುವ ಕಾಲ ಅಷ್ಟರಲ್ಲಿ ಮೀರಿಹೋಗಿತ್ತು.

ಇಂಥ ಪ್ರತಿ ಘಟನೆಯ ನಂತರವೂ 'ಕಾನೂನು ಇನ್ನಷ್ಟು ಬಿಗಿಯಾಗಬೇಕು' ಎಂಬ ಕೂಗು ಏಳುತ್ತದೆ. ಆದರೆ ಭಾರತದ ಕಾನೂನು ಕಾಗದದ ಮೇಲೆ ಈಗಾಗಲೇ ಸಾಕಷ್ಟು ಬಿಗಿಯಾಗಿದೆ. ಅದು ಸೋಲುವುದು ಚಾಲಕನನ್ನು ತಡೆಯುವ ಮತ್ತು ಪರೀಕ್ಷಿಸುವ ಹಂತದಲ್ಲಿ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 185ರ ಪ್ರಕಾರ, ಚಾಲಕನ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂಗಿಂತ ಹೆಚ್ಚು ಮದ್ಯದ ಅಂಶ ಇದ್ದರೆ ಅದು ಅಪರಾಧ. ಮಾದಕ ವಸ್ತು ಸೇವಿಸಿ, ವಾಹನದ ಮೇಲೆ ಹಿಡಿತ ಇಲ್ಲದ ಸ್ಥಿತಿಯಲ್ಲಿ ಓಡಿಸಿದರೂ ಇದೇ ಸೆಕ್ಷನ್ ಅನ್ವಯ. ವಿಶ್ವ ಆರೋಗ್ಯ ಸಂಸ್ಥೆ ಸಾಮಾನ್ಯ ಚಾಲಕರಿಗೆ ಶಿಫಾರಸು ಮಾಡುವ ಗರಿಷ್ಠ ಮಿತಿ 50 ಮಿ.ಗ್ರಾಂ. ಅಂದರೆ ನಮ್ಮ ಮಿತಿ ಅದಕ್ಕಿಂತಲೂ ಕಡಿಮೆ.

30 ಮಿ.ಗ್ರಾಂ ಎಂದರೆ ಎಷ್ಟು? ದೇಹದ ತೂಕ, ಊಟ ಮಾಡಿದ್ದಾರೋ ಇಲ್ಲವೋ, ಗಂಡಸೋ ಹೆಂಗಸೋ ಎಂಬುದರ ಮೇಲೆ ಇದು ಬದಲಾಗುತ್ತದೆ. ಅಂದಾಜು ಲೆಕ್ಕದಲ್ಲಿ 70 ಕೆ.ಜಿ. ತೂಕದ ಪುರುಷ ಶೇ 5ರಷ್ಟು ಆಲ್ಕೋಹಾಲ್ ಇರುವ 650 ಮಿ.ಲೀ. ಬಿಯರ್ ಬಾಟಲಿ ಮುಗಿಸಿದರೆ ಪ್ರಮಾಣ 50 ಮಿ.ಗ್ರಾಂ ಆಸುಪಾಸಿಗೆ ಹೋಗುತ್ತದೆ. 60 ಮಿ.ಲೀ.ನ ಒಂದು ಲಾರ್ಜ್ ವಿಸ್ಕಿ ಕೂಡ 30 ದಾಟಿಸಬಲ್ಲದು. 'ಒಂದೇ ಬಿಯರ್ ತಾನೇ' ಎನ್ನುವ ಮಾತು ಕಾನೂನಿನ ಮುಂದೆ ನಡೆಯುವುದಿಲ್ಲ.

2019ರ ತಿದ್ದುಪಡಿಗೆ ಮುನ್ನ ಮೊದಲ ಬಾರಿ ಸಿಕ್ಕಿಬಿದ್ದರೆ ದಂಡ ಗರಿಷ್ಠ 2,000 ರೂ. ಇತ್ತು. ಅದೇ ವರ್ಷ ಸೆಪ್ಟೆಂಬರ್ 1ರಿಂದ ಅದು 10,000 ರೂ. ಆಯಿತು. ದಂಡದ ಬದಲು ಅಥವಾ ದಂಡದ ಜೊತೆಗೆ 6 ತಿಂಗಳವರೆಗೆ ಜೈಲು ವಿಧಿಸಬಹುದು. ಮತ್ತೆ ಸಿಕ್ಕಿಬಿದ್ದರೆ 15,000 ರೂ. ದಂಡ, 2 ವರ್ಷದವರೆಗೆ ಜೈಲು. ಕೋರ್ಟ್‌ನಲ್ಲಿ ಅಪರಾಧ ಸಾಬೀತಾದರೆ ಕನಿಷ್ಠ 6 ತಿಂಗಳು ಡ್ರೈವಿಂಗ್ ಲೈಸೆನ್ಸ್‌ನಿಂದ ಅನರ್ಹಗೊಳಿಸಬೇಕು ಎಂದು ಸೆಕ್ಷನ್ 20 ಹೇಳುತ್ತದೆ. ಜೊತೆಗೆ, ಪೊಲೀಸರು ಲೈಸೆನ್ಸ್ ವಶಕ್ಕೆ ಪಡೆದು ಆರ್‌ಟಿಒಗೆ ಕಳುಹಿಸುವ ಅಧಿಕಾರವೂ 2019ರಲ್ಲಿ ಬಂತು.

ಒಂದು ಗೊಂದಲ ಇಲ್ಲೇ ಬಗೆಹರಿಸಬೇಕು. ಹೊಸ ದಂಡಕ್ಕೆ ವಿರೋಧ ಬಂದಾಗ ಕರ್ನಾಟಕ, ಗುಜರಾತ್ ಸೇರಿದಂತೆ ಕೆಲವು ರಾಜ್ಯಗಳು ಹೆಲ್ಮೆಟ್, ಸೀಟ್ ಬೆಲ್ಟ್‌ನಂಥ ಉಲ್ಲಂಘನೆಗಳ ದಂಡ ಇಳಿಸಿದ್ದವು. ಕುಡಿದು ವಾಹನ ಚಲಾಯಿಸುವುದು ಆ ಪಟ್ಟಿಯಲ್ಲಿಲ್ಲ. ರಸ್ತೆಯಲ್ಲೇ ದಂಡ ಕಟ್ಟಿ ರಾಜಿಯಾಗಬಹುದಾದ ಅಪರಾಧಗಳಲ್ಲಿ ಇದು ಸೇರಿಲ್ಲ. ಕೋರ್ಟ್‌ಗೆ ಹೋಗಲೇಬೇಕು. 'ಇಲ್ಲೇ ಕೊಟ್ಟು ಮುಗಿಸಿ' ಎಂದು ಯಾರಾದರೂ ಹೇಳಿದರೆ ಆ ಹಣ ಸರ್ಕಾರಕ್ಕೆ ಹೋಗುವುದಿಲ್ಲ ಎಂದೇ ಅರ್ಥ.

ಗಂಟೆಗೆ 15 ಮಿ.ಗ್ರಾಂ

ಕುಡಿದ ಮದ್ಯವನ್ನು ದೇಹ ಕರಗಿಸುವ ವೇಗ ಗಂಟೆಗೆ ಸುಮಾರು 15ರಿಂದ 20 ಮಿ.ಗ್ರಾಂ. ಅಪಘಾತದ ಕ್ಷಣದಲ್ಲಿ 60 ಮಿ.ಗ್ರಾಂ ಇದ್ದ ಚಾಲಕನ ರಕ್ತವನ್ನು ಮೂರು ಗಂಟೆ ಬಿಟ್ಟು ತೆಗೆದರೆ 15 ಮಿ.ಗ್ರಾಂ ಸಿಗಬಹುದು. ಕಾನೂನಿನ ದೃಷ್ಟಿಯಲ್ಲಿ ಅವನು ಆಗ 30ರ ಮಿತಿಯೊಳಗಿನ ಚಾಲಕ. ಎಂಟು ಗಂಟೆ ಕಳೆದರೆ ಚೆನ್ನಾಗಿ ಕುಡಿದವನ ರಕ್ತದಲ್ಲೂ ಹೇಳಿಕೊಳ್ಳುವಂಥದ್ದು ಉಳಿಯದಿರಬಹುದು. ಬೇರೆ ಪ್ರಕರಣಗಳಲ್ಲಿ ಚಾಕು, ಬಟ್ಟೆ, ಸಿಸಿಟಿವಿ ದೃಶ್ಯ ಮರುದಿನವೂ ಸಿಗುತ್ತವೆ. ಇಲ್ಲಿ ಮುಖ್ಯ ಸಾಕ್ಷ್ಯ ಇರುವುದು ಆರೋಪಿಯ ಮೈಯೊಳಗೆ, ಅದೂ ಪ್ರತಿ ನಿಮಿಷ ಕಡಿಮೆಯಾಗುತ್ತಾ.

ಕಾಯ್ದೆ ರೂಪಿಸಿದವರಿಗೆ ಇದು ಗೊತ್ತಿರಲಿಲ್ಲ ಎಂದಲ್ಲ. ಕುಡಿದು ಓಡಿಸಿದ ಆರೋಪದಲ್ಲಿ ಸೆಕ್ಷನ್ 202ರಡಿ ವಾರಂಟ್ ಇಲ್ಲದೆ ಬಂಧಿಸಿದವರನ್ನು ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆಗೆ ಒಳಪಡಿಸಬೇಕು, ಇಲ್ಲದಿದ್ದರೆ ಬಿಡುಗಡೆ ಮಾಡಬೇಕು ಎಂಬ ನಿಯಮವಿದೆ. ಉಸಿರಿನ ಪರೀಕ್ಷೆಗೆ ನಿರಾಕರಿಸಿದರೆ ಆ ನಿರಾಕರಣೆಯನ್ನೇ ಪ್ರಾಸಿಕ್ಯೂಷನ್ ತನ್ನ ವಾದಕ್ಕೆ ಬಳಸಿಕೊಳ್ಳಬಹುದು ಎಂದು ಸೆಕ್ಷನ್ 205 ಹೇಳುತ್ತದೆ. ಆದರೆ ಓಡಿಹೋದವನಿಗೆ ಈ ಯಾವ ನಿಯಮವೂ ಮುಟ್ಟುವುದಿಲ್ಲ. ಅಪಘಾತ ಮಾಡಿ ನಿಂತವನು ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಾನೆ, ಪರಾರಿಯಾಗಿ ಮರುದಿನ ವಕೀಲರ ಜೊತೆ ಬಂದವನು ಸೆಕ್ಷನ್ 185ರಿಂದ ಬಹುತೇಕ ಪಾರಾಗುತ್ತಾನೆ.

ಪರಾರಿಯಾಗುವವರಿಗೆ 10 ವರ್ಷದವರೆಗೆ ಶಿಕ್ಷೆ ವಿಧಿಸುವ ಸೆಕ್ಷನ್ 106(2) ಭಾರತೀಯ ನ್ಯಾಯ ಸಂಹಿತೆಯಲ್ಲಿದೆ. ಆದರೆ 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ನಡೆಸಿದ ಬಳಿಕ ಕೇಂದ್ರ ಸರ್ಕಾರ ಅದನ್ನು ತಡೆಹಿಡಿಯಿತು. ಅದೇ ವರ್ಷ ಜುಲೈ 1ರಂದು ಸಂಹಿತೆ ಜಾರಿಯಾದಾಗಲೂ ಈ ಉಪಸೆಕ್ಷನ್ ಜಾರಿಗೆ ಬರಲಿಲ್ಲ. ಗುಂಪು ಥಳಿತದ ಭಯದಿಂದ ಓಡುವ ಬಡ ಲಾರಿ ಚಾಲಕನ ಅಳಲಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಅದರ ನೆರಳಲ್ಲಿ ಪಾನಮತ್ತ ಕಾರು ಚಾಲಕನಿಗೂ ರಕ್ಷಣೆ ಸಿಕ್ಕಂತಾಗಿದೆ.

ಇನ್ನೊಂದು ಕೊರತೆ ಸೆಕ್ಷನ್ 203ರಲ್ಲಿದೆ. ಚಾಲಕ ಕುಡಿದಿದ್ದಾನೆ ಎಂಬ 'ಸಕಾರಣ ಅನುಮಾನ' ಇದ್ದಾಗ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಉಸಿರಿನ ಪರೀಕ್ಷೆಗೆ ಸೂಚಿಸಬಹುದು ಎಂದಷ್ಟೇ ಅದು ಹೇಳುತ್ತದೆ. ಅಪಘಾತವಾದಾಗಲೂ ಇದೇ ಮಾತು. ಸಾವು ಸಂಭವಿಸಿದ ಪ್ರತಿ ಅಪಘಾತದಲ್ಲಿ ಚಾಲಕನನ್ನು ಪರೀಕ್ಷಿಸಲೇಬೇಕು ಎಂದು ಈ ಸೆಕ್ಷನ್ ಹೇಳುವುದಿಲ್ಲ.

ಅಂಕಿಅಂಶದಲ್ಲಿ ಕಾಣದ ಕುಡಿತ

2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳು ನಡೆದು 1,68,491 ಜನ ಮೃತಪಟ್ಟರು ಎನ್ನುತ್ತದೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ. ಇದರಲ್ಲಿ ಶೇ 70ಕ್ಕೂ ಹೆಚ್ಚು ಸಾವುಗಳಿಗೆ ಅತಿವೇಗ ಕಾರಣ. ಕುಡಿತ, ಮಾದಕ ವಸ್ತುವಿನ ಪಾಲು ಶೇ 2ರಿಂದ 3ರ ಮಧ್ಯೆ ಮಾತ್ರ. ಇದನ್ನು ನೋಡಿದರೆ ಸಮಸ್ಯೆ ಅಷ್ಟೇನೂ ದೊಡ್ಡದಲ್ಲ ಅನ್ನಿಸಬಹುದು.

ಆದರೆ ಈ ಲೆಕ್ಕ ಬರುವುದು ಎಫ್‌ಐಆರ್‌ನಿಂದ. ಅಲ್ಲಿ ಸಾಮಾನ್ಯವಾಗಿ ಒಂದೇ ಕಾರಣ ದಾಖಲಾಗುತ್ತದೆ. ಕುಡಿದು ಅತಿವೇಗದಲ್ಲಿ ಹೋದವನು 'ಅತಿವೇಗ' ಎಂಬ ಕಾಲಂಗೆ ಸೇರುತ್ತಾನೆ. ಪರೀಕ್ಷೆಯೇ ಆಗದಿದ್ದರೆ ಕುಡಿತದ ಪ್ರಶ್ನೆಯೇ ಏಳುವುದಿಲ್ಲ. ಬೈಕ್ ಸವಾರ ತಾನೇ ಬಿದ್ದು ಸತ್ತರೆ, ಅವನು ಕುಡಿದಿದ್ದ ಎಂದು ಬರೆಸಲು ಮನೆಯವರಿಗೂ ಇಷ್ಟವಿರುವುದಿಲ್ಲ, ವಿಮೆ ಹಣದ ಆತಂಕ ಬೇರೆ. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಜಿ. ಗುರುರಾಜ್ ಮತ್ತವರ ತಂಡ ಎರಡು ದಶಕಗಳ ಹಿಂದೆಯೇ ಆಸ್ಪತ್ರೆಗಳಿಗೆ ಬರುವ ಗಾಯಾಳುಗಳ ಅಧ್ಯಯನ ನಡೆಸಿತ್ತು. ಪೊಲೀಸ್ ದಾಖಲೆಯಲ್ಲಿ ಕಾಣುವುದಕ್ಕಿಂತ ಕುಡಿತದ ಪಾಲು ಬಹಳ ಹೆಚ್ಚು, ಅದರಲ್ಲೂ ರಾತ್ರಿ ಅಪಘಾತಗಳಲ್ಲಿ ಎಂಬುದನ್ನು ಇಂಥ ಅಧ್ಯಯನಗಳು ತೋರಿಸಿವೆ.

2025ರ ಅಕ್ಟೋಬರ್ 24ರ ನಸುಕಿನಲ್ಲಿ ಆಂಧ್ರಪ್ರದೇಶದ ಕರ್ನೂಲ್ ಬಳಿ ಹೈದರಾಬಾದ್‌ನಿಂದ ಬೆಂಗಳೂರಿಗೆ ಬರುತ್ತಿದ್ದ ಖಾಸಗಿ ಸ್ಲೀಪರ್ ಬಸ್ ಹೊತ್ತಿ ಉರಿದು 19 ಪ್ರಯಾಣಿಕರು ಸಜೀವ ದಹನವಾದರು. ಬೈಕೊಂದು ಮೊದಲೇ ಡಿವೈಡರ್‌ಗೆ ಗುದ್ದಿ ರಸ್ತೆಯಲ್ಲಿ ಬಿದ್ದಿತ್ತು, ಬಸ್ ಅದನ್ನು ಎಳೆದೊಯ್ದಾಗ ಬೆಂಕಿ ಹೊತ್ತಿಕೊಂಡಿತು. ಸತ್ತ ಬೈಕ್ ಸವಾರ ಕುಡಿದಿದ್ದ ಎಂಬುದು ವಿಧಿವಿಜ್ಞಾನ ಪರೀಕ್ಷೆಯಲ್ಲಿ ದೃಢಪಟ್ಟಿತು. ಬಸ್ಸಿಗೆ ಬೆಂಕಿ ಬೀಳದಿದ್ದರೆ ಆ ಬೈಕ್ ಸವಾರನ ಸಾವು ಒಂದು ಸಾಲಿನ ಸುದ್ದಿಯೂ ಆಗುತ್ತಿರಲಿಲ್ಲ. ನಗರಗಳ ನಾಕಾಬಂದಿಗಳಿಂದ ದೂರ, ಹೆದ್ದಾರಿಯಲ್ಲಿ ರಾತ್ರಿ ಎರಡು-ಮೂರು ಗಂಟೆಗೆ ಹೋಗುವ ದ್ವಿಚಕ್ರ ವಾಹನವನ್ನು ತಡೆದು ಪರೀಕ್ಷಿಸುವ ವ್ಯವಸ್ಥೆ ಎಲ್ಲಿದೆ?

ದಂಡ ಹೆಚ್ಚಿದರೆ ಕುಡಿತ ಕಡಿಮೆಯಾಗುತ್ತದೆಯೇ?

ಈ ಪ್ರಶ್ನೆಗೆ ಹಳೆಯ ಉತ್ತರ ಬ್ರಿಟನ್‌ನಲ್ಲಿದೆ. ಅಲ್ಲಿ 1967ರ ಅಕ್ಟೋಬರ್‌ನಲ್ಲಿ ಬ್ರೀತ್ ಅನಲೈಸರ್ ಕಾನೂನು ಜಾರಿಗೆ ಬಂದಾಗ ಅಪಘಾತಗಳು ಥಟ್ಟನೆ ಇಳಿದವು. ಎಲ್ಲಿ ನೋಡಿದರೂ ಅದರದ್ದೇ ಮಾತು. ಕೆಲ ವರ್ಷಗಳಲ್ಲಿ ಇಳಿಕೆ ಕರಗಿತು. ಸಿಕ್ಕಿಬೀಳುವ ಸಾಧ್ಯತೆ ತಾವು ಅಂದುಕೊಂಡಷ್ಟಿಲ್ಲ ಎಂಬುದು ಜನರಿಗೆ ನಿಧಾನವಾಗಿ ಗೊತ್ತಾಯಿತು ಎಂದು ಇದನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಎಚ್. ಲಾರೆನ್ಸ್ ರಾಸ್ ವಿವರಿಸಿದ್ದಾರೆ. ಇದಕ್ಕೆ ವಿರುದ್ಧವಾದ ಉದಾಹರಣೆ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್. 1982ರ ಡಿಸೆಂಬರ್‌ನಿಂದ ಅಲ್ಲಿ ಅನುಮಾನ ಇರಲಿ ಬಿಡಲಿ, ಯಾವ ಚಾಲಕನನ್ನಾದರೂ ತಡೆದು ಪರೀಕ್ಷಿಸುವ ಅಧಿಕಾರ ಪೊಲೀಸರಿಗೆ ಸಿಕ್ಕಿತು. ಅವರು ಅದನ್ನು ಭಾರಿ ಪ್ರಮಾಣದಲ್ಲಿ ಬಳಸಿದರು ಮತ್ತು ನಿಲ್ಲಿಸಲಿಲ್ಲ. ಸಾವಿನ ಇಳಿಕೆಯೂ ಉಳಿಯಿತು.

ಹೋಲಿಸಿದರೆ ನಮ್ಮಲ್ಲಿ ನಡೆಯುವುದು ಹೆಚ್ಚಾಗಿ ಹಬ್ಬದ ತಪಾಸಣೆ. ಡಿಸೆಂಬರ್ 31, ಹೋಳಿ, ಗಣೇಶ ವಿಸರ್ಜನೆ, ವಾರಾಂತ್ಯ. ಯಾವ ಜಂಕ್ಷನ್‌ನಲ್ಲಿ ಬ್ಯಾರಿಕೇಡ್ ಇದೆ ಎಂಬುದು ಅರ್ಧ ಗಂಟೆಯಲ್ಲಿ ವಾಟ್ಸ್ಆ್ಯಪ್ ಗ್ರೂಪ್‌ಗಳಲ್ಲಿ ಓಡಾಡುತ್ತದೆ. ಬೆಂಗಳೂರು ಸಂಚಾರ ಪೊಲೀಸರು ಬೆಳಿಗ್ಗೆ ಹೊತ್ತು ಶಾಲಾ ವಾಹನಗಳನ್ನು ತಡೆದು ತಪಾಸಣೆ ನಡೆಸಿದಾಗಲೂ ಪಾನಮತ್ತ ಚಾಲಕರು ಸಿಕ್ಕಿದ್ದಾರೆ. ಮಕ್ಕಳನ್ನು ಕರೆದೊಯ್ಯುವ ಬಸ್ಸಿನಲ್ಲಿ, ಬೆಳಿಗ್ಗೆ ಏಳೆಂಟು ಗಂಟೆಗೆ! ರಾತ್ರಿ ಮಾತ್ರ ನಾಕಾಬಂದಿ ಹಾಕುವ ಪದ್ಧತಿ ಯಾರನ್ನು ಬಿಟ್ಟುಬಿಡುತ್ತದೆ ಎಂಬುದು ಇದರಿಂದ ಗೊತ್ತಾಗುತ್ತದೆ.

ನಿರಂತರವಾಗಿ ಮಾಡಿದಾಗ ಏನಾಗುತ್ತದೆ ಎಂಬುದಕ್ಕೆ ಮುಂಬೈ ಸಾಕ್ಷಿ. ಅಲ್ಲಿನ ಟ್ರಾಫಿಕ್ ಪೊಲೀಸರು 2007ರಲ್ಲಿ ವಿಶೇಷ ಕಾರ್ಯಾಚರಣೆ ಶುರುಮಾಡಿದರು. ದಂಡ ಆಗ ಕೇವಲ 2,000 ರೂ. ಆದರೆ ಮ್ಯಾಜಿಸ್ಟ್ರೇಟ್ ಕೋರ್ಟ್‌ಗಳು ಸಿಕ್ಕಿಬಿದ್ದವರನ್ನು ಕೆಲವು ದಿನಗಳ ಮಟ್ಟಿಗೆ ಜೈಲಿಗೆ ಕಳುಹಿಸತೊಡಗಿದವು. ಒಳ್ಳೆಯ ಕೆಲಸದಲ್ಲಿದ್ದವರು ಒಂದು ರಾತ್ರಿಯ ಪಾರ್ಟಿಗಾಗಿ ಕಂಬಿ ಎಣಿಸಿದ ಸುದ್ದಿ ಆಫೀಸುಗಳಲ್ಲಿ ಹರಡಿತು. ಪಾರ್ಟಿಗೆ ಹೋಗುವಾಗ ಟ್ಯಾಕ್ಸಿ ಹಿಡಿಯುವ, ಇಲ್ಲವೇ ಕುಡಿಯದ ಗೆಳೆಯನಿಗೆ ಕೀಲಿ ಕೊಡುವ ರೂಢಿ ಮುಂಬೈನಲ್ಲಿ ಬೇರೆ ನಗರಗಳಿಗಿಂತ ಮೊದಲು ಬಂದದ್ದು ಹೀಗೆ. 10 ಸಾವಿರದ ದಂಡಕ್ಕಿಂತ ಎರಡು ದಿನದ ಜೈಲು ದೊಡ್ಡದು, ಅದರಲ್ಲೂ 10 ಸಾವಿರ ಜೇಬಿನಲ್ಲೇ ಇರುವವರಿಗೆ.

ಹೈದರಾಬಾದ್‌ನದು ಇನ್ನೊಂದು ದಾರಿ. ಸಿಕ್ಕಿಬಿದ್ದವರು ಗೋಶಾಮಹಲ್‌ನ ಟ್ರಾಫಿಕ್ ತರಬೇತಿ ಸಂಸ್ಥೆಯಲ್ಲಿ ಕೌನ್ಸೆಲಿಂಗ್‌ಗೆ ಹಾಜರಾಗಬೇಕು, ಒಬ್ಬರೇ ಅಲ್ಲ, ಮನೆಯವರನ್ನೂ ಕರೆದುಕೊಂಡು. ಆಮೇಲೆ ಕೋರ್ಟ್. ಕೆಲವರಿಗೆ ಜೈಲು, ಕೆಲವರಿಗೆ ಸಮುದಾಯ ಸೇವೆ. ಹೆಂಡತಿ ಅಥವಾ ಅಪ್ಪನ ಪಕ್ಕದಲ್ಲಿ ಕೂತು ಅಪಘಾತದ ವಿಡಿಯೊ ನೋಡುವುದು ಹಲವರಿಗೆ ದಂಡಕ್ಕಿಂತ ಭಾರ.

ಚೆನ್ನೈನ ಅನುಭವ ದಂಡದ ಮಿತಿಯನ್ನು ತೋರಿಸಿತು. 10 ಸಾವಿರ ರೂ. ಆದ ಮೇಲೆ ಸಾವಿರಾರು ಜನ ಕಟ್ಟದೇ ಉಳಿದರು. ಬಾಕಿದಾರರಿಗೆ ಫೋನ್ ಮಾಡಲು ಪೊಲೀಸರು ಕಾಲ್ ಸೆಂಟರ್‌ಗಳನ್ನೇ ತೆರೆಯಬೇಕಾಯಿತು, ಕಟ್ಟದಿದ್ದರೆ ಆಸ್ತಿ ಜಪ್ತಿಯ ಎಚ್ಚರಿಕೆ ಕೊಡಬೇಕಾಯಿತು. ಹಳೆಯ ಸ್ಕೂಟರ್‌ನ ಬೆಲೆಯೇ ದಂಡಕ್ಕಿಂತ ಕಡಿಮೆ ಇದ್ದಾಗ ಯಾರು ತಾನೇ ಬಿಡಿಸಿಕೊಳ್ಳಲು ಬರುತ್ತಾರೆ?

ಬಾರ್ ದೂರ ಮಾಡಿದ ಪ್ರಯೋಗ

ಕುಡಿದವನನ್ನು ಹಿಡಿಯುವ ಬದಲು ಮದ್ಯವನ್ನೇ ರಸ್ತೆಯಿಂದ ದೂರ ಸರಿಸುವ ಪ್ರಯತ್ನವೂ ನಡೆದಿದೆ. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್, ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯ ಮಾರಾಟ ನಿಷೇಧಿಸಿತು. 20 ಸಾವಿರದೊಳಗೆ ಜನಸಂಖ್ಯೆ ಇರುವ ಊರುಗಳಿಗೆ ಆಮೇಲೆ ಅಂತರವನ್ನು 220 ಮೀಟರ್‌ಗೆ ಇಳಿಸಲಾಯಿತು.

ಮುಂದೆ ನಡೆದದ್ದು ತಮಾಷೆಯಂತಿದೆ. ರಾಜ್ಯಗಳು ನಗರದೊಳಗಿನ ಹೆದ್ದಾರಿಗಳನ್ನು 'ಹೆದ್ದಾರಿಯಲ್ಲ' ಎಂದು ಮರುನಾಮಕರಣ ಮಾಡತೊಡಗಿದವು. ಕೇರಳದ ಉತ್ತರ ಪರವೂರಿನಲ್ಲಿ ಒಂದು ಬಾರ್ ತನ್ನ ಮುಂದೆ ಸುತ್ತುಬಳಸು ಹಾದಿ ಕಟ್ಟಿ, ಗ್ರಾಹಕ ನಡೆಯಬೇಕಾದ ದೂರವನ್ನು 500 ಮೀಟರ್‌ಗೆ ಹೆಚ್ಚಿಸಿಕೊಂಡಿತು. 2017ರ ಜುಲೈನಲ್ಲಿ ಕೋರ್ಟ್, ನಗರಾಡಳಿತ ಸಂಸ್ಥೆಗಳ ವ್ಯಾಪ್ತಿಯ ಮಳಿಗೆಗಳಿಗೆ ಆದೇಶ ಅನ್ವಯಿಸದು ಎಂದು ಸ್ಪಷ್ಟಪಡಿಸಿತು. ಮದ್ಯದ ಅಬಕಾರಿ ಆದಾಯದ ಮೇಲೆ ನಿಂತಿರುವ ಸರ್ಕಾರಗಳಿಂದ ಇದಕ್ಕಿಂತ ಉತ್ಸಾಹ ನಿರೀಕ್ಷಿಸುವುದೂ ಕಷ್ಟ.

ಜನ ಸತ್ತಾಗ ಶಿಕ್ಷೆ ಎಷ್ಟು?

ಸೆಕ್ಷನ್ 185 ಕುಡಿದು ಓಡಿಸಿದ್ದಕ್ಕೆ ಮಾತ್ರ. ಸಾವಾದರೆ ನಿರ್ಲಕ್ಷ್ಯದ ಸಾವೇ ಅಥವಾ ಕೊಲೆಯಲ್ಲದ ನರಹತ್ಯೆಯೇ ಎಂಬುದು ಮುಖ್ಯ. ಹಳೆಯ ಐಪಿಸಿಯ 304ಎ ಸೆಕ್ಷನ್‌ನಲ್ಲಿ ಗರಿಷ್ಠ 2 ವರ್ಷವಿತ್ತು. ಈಗಿನ ನ್ಯಾಯ ಸಂಹಿತೆಯ 106(1)ರಲ್ಲಿ 5 ವರ್ಷ. ಸಾವಾಗಬಹುದು ಎಂಬ ಅರಿವಿದ್ದೂ ಮಾಡಿದ ಕೃತ್ಯವಾದರೆ ಸೆಕ್ಷನ್ 105ರಡಿ 10 ವರ್ಷದವರೆಗೂ ಶಿಕ್ಷೆ ಸಾಧ್ಯ.

2006ರ ನವೆಂಬರ್ 12ರ ನಸುಕಿನಲ್ಲಿ ಮುಂಬೈನ ಬಾಂದ್ರಾ ಕಾರ್ಟರ್ ರಸ್ತೆಯ ಫುಟ್‌ಪಾತ್‌ನಲ್ಲಿ ಮಲಗಿದ್ದ ಕೂಲಿಕಾರರ ಮೇಲೆ ಅಲಿಸ್ಟರ್ ಪರೇರಾ ಎಂಬಾತನ ಕಾರು ಹರಿದು 7 ಮಂದಿ ಸತ್ತರು, 8 ಮಂದಿ ಗಾಯಗೊಂಡರು. ಅವನ ರಕ್ತದಲ್ಲಿ 112 ಮಿ.ಗ್ರಾಂ ಮದ್ಯ ಪತ್ತೆಯಾಗಿತ್ತು. ವಿಚಾರಣಾ ನ್ಯಾಯಾಲಯ ಕೊಟ್ಟದ್ದು 6 ತಿಂಗಳು. ಬಾಂಬೆ ಹೈಕೋರ್ಟ್ ಅದನ್ನು ನರಹತ್ಯೆ ಎಂದು ಪರಿಗಣಿಸಿ 3 ವರ್ಷಕ್ಕೆ ಏರಿಸಿತು. 2012ರ ಜನವರಿಯಲ್ಲಿ ಅದನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟ್, ಈ ಶಿಕ್ಷೆ ತೀರಾ ಕಡಿಮೆ, ಆದರೆ ಹೆಚ್ಚಿಸುವಂತೆ ಕೋರಿ ರಾಜ್ಯ ಸರ್ಕಾರ ಮೇಲ್ಮನವಿಯನ್ನೇ ಸಲ್ಲಿಸಿಲ್ಲ ಎಂದು ಹೇಳಿತು.

ದೆಹಲಿಯ ಬಿಎಂಡಬ್ಲ್ಯು ಪ್ರಕರಣ ಅದಕ್ಕಿಂತ ದೀರ್ಘ. 1999ರ ಜನವರಿ 10ರಂದು ಮೂವರು ಪೊಲೀಸರು ಸೇರಿ 6 ಜನ ಸತ್ತ ಆ ಘಟನೆಯ ಅಂತಿಮ ತೀರ್ಪು ಬಂದದ್ದು 2012ರ ಆಗಸ್ಟ್‌ನಲ್ಲಿ. ನರಹತ್ಯೆ ಸಾಬೀತಾದರೂ ಸಂಜೀವ್ ನಂದಾಗೆ ಅದಾಗಲೇ ಅನುಭವಿಸಿದ್ದ 2 ವರ್ಷ ಜೈಲು, 50 ಲಕ್ಷ ರೂ. ಮತ್ತು 2 ವರ್ಷ ಸಮುದಾಯ ಸೇವೆ ಸಾಕೆನಿಸಿತು. ಈ ಎರಡೂ ಕೇಸ್‌ಗಳು ನಿಂತದ್ದಕ್ಕೆ ಒಂದು ಕಾರಣ, ರಕ್ತದ ಮಾದರಿ ಸಿಕ್ಕಿತ್ತು. ವಾಸನೆ, ತೊದಲು ಮಾತು, ತೂರಾಟ ಇಷ್ಟರಿಂದಲೇ ಕುಡಿದಿದ್ದ ಎಂದು ನಿರ್ಣಯಿಸಲಾಗದು ಎಂದು ಸುಪ್ರೀಂ ಕೋರ್ಟ್ 1971ರಲ್ಲೇ ಹೇಳಿದೆ.

ತಡೆದಾಗ, ಅಪಘಾತವಾದಾಗ ತಿಳಿದಿರಬೇಕಾದ್ದು

ಬ್ರೀತ್ ಅನಲೈಸರ್‌ಗೆ ಹೊಸ ಕೊಳವೆ ಹಾಕುವಂತೆ ಕೇಳಬಹುದು. ಮೌತ್‌ವಾಶ್ ಅಥವಾ ಕೆಮ್ಮಿನ ಸಿರಪ್ ಬಳಸಿದ್ದರೆ ಮೊದಲೇ ತಿಳಿಸಿ, 15 ನಿಮಿಷ ಬಿಟ್ಟು ಮರುಪರೀಕ್ಷೆ ಕೇಳಿ. ಬಾಯಲ್ಲಿ ಉಳಿದ ಆಲ್ಕೋಹಾಲ್ ಅಷ್ಟರಲ್ಲಿ ಹೋಗಿರುತ್ತದೆ. ಕುಡಿಯದ, ಲೈಸೆನ್ಸ್ ಇರುವ ಇನ್ನೊಬ್ಬರು ಜೊತೆಗಿದ್ದರೆ ವಾಹನವನ್ನು ಅವರಿಗೆ ಕೊಡಬೇಕು, ಸುಮ್ಮನೆ ಜಪ್ತಿ ಮಾಡಬಾರದು ಎಂದು ತೆಲಂಗಾಣ ಹೈಕೋರ್ಟ್ 2021ರಲ್ಲಿ ಆದೇಶಿಸಿದೆ. ಕುಡಿದವನ ಪಕ್ಕ ಕೂತವರಿಗೂ ಅಪಾಯ ಇದ್ದೇ ಇದೆ. ಅಪರಾಧಕ್ಕೆ ಕುಮ್ಮಕ್ಕು ಕೊಟ್ಟ ಆಧಾರದ ಮೇಲೆ ಸಹಪ್ರಯಾಣಿಕರಿಗೂ ದಂಡ ವಿಧಿಸುವುದಾಗಿ ಚೆನ್ನೈ ಪೊಲೀಸರು 2022ರಲ್ಲಿ ಪ್ರಕಟಿಸಿದ್ದರು. ಮಗನಿಗೆ 18 ತುಂಬುವ ಮೊದಲೇ ಕೀಲಿ ಕೊಟ್ಟ ಪೋಷಕರಿಗೆ ಸೆಕ್ಷನ್ 199ಎ ಅಡಿ 3 ವರ್ಷ ಜೈಲು, 25,000 ರೂ. ದಂಡವಿದೆ.

ಸಂತ್ರಸ್ತರ ಕುಟುಂಬಕ್ಕೆ ಮೊದಲ ಕೆಲವು ಗಂಟೆಗಳು ದುಃಖದಲ್ಲೇ ಕಳೆಯುತ್ತವೆ. ಆದರೂ ಮನೆಯವರೋ ಸ್ನೇಹಿತರೋ ಒಬ್ಬರು ಠಾಣೆಯಲ್ಲಿ ಎರಡು ವಿಷಯ ಕೇಳಬೇಕು. ಚಾಲಕನ ಉಸಿರು ಅಥವಾ ರಕ್ತ ಪರೀಕ್ಷೆ ಆಗಿದೆಯೇ, ಎಷ್ಟು ಗಂಟೆಗೆ ಆಯಿತು? ಆಗಿಲ್ಲದಿದ್ದರೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಬೇಕು. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮಗಳಂತೆ ಪೊಲೀಸರು ಮೊದಲ ಅಪಘಾತ ವರದಿಯನ್ನು 48 ಗಂಟೆಯೊಳಗೆ ಪರಿಹಾರ ನ್ಯಾಯಮಂಡಳಿಗೆ ಕಳುಹಿಸಬೇಕು. ಗುದ್ದಿದ ವಾಹನ ಪತ್ತೆಯೇ ಆಗದಿದ್ದರೆ ಸಾವಿಗೆ 2 ಲಕ್ಷ ರೂ., ಗಂಭೀರ ಗಾಯಕ್ಕೆ 50,000 ರೂ. ಪರಿಹಾರ ಸಿಗುತ್ತದೆ.

ಕುಡಿದು ಓಡಿಸಿದವರ ಸ್ವಂತ ಕಾರಿನ ವಿಮೆಯ ಕಥೆ ಬೇರೆ. 2007ರಲ್ಲಿ ದೆಹಲಿಯಲ್ಲಿ ಅಪಘಾತಕ್ಕೀಡಾಗಿದ್ದ ಪೋರ್ಷೆ ಕಾರಿನ ಕೇಸ್‌ನಲ್ಲಿ ಬ್ರೀತ್ ಅನಲೈಸರ್ ವರದಿ ಇರಲಿಲ್ಲ. ಆದರೂ ಉಳಿದ ಸನ್ನಿವೇಶಗಳೇ ಕುಡಿತವನ್ನು ಸಾಬೀತುಪಡಿಸುತ್ತವೆ, ವಿಮಾ ಕಂಪನಿ ಹಣ ನಿರಾಕರಿಸಿದ್ದು ಸರಿ ಎಂದು ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ತೀರ್ಪು ನೀಡಿತು. ಜೈಲಿಗೆ ಕಳುಹಿಸಲು ಸಾಲದ ಸಾಕ್ಷ್ಯ ಕ್ಲೇಮ್ ತಿರಸ್ಕರಿಸಲು ಸಾಕಾಗಬಹುದು.